ಎಪ್ಲಿ ಮಾಡಿಸಿದ ಮೇಲೆ ತಲೆಸುತ್ತು ಪೂರ್ತಿ ಹೋಗಿದೆಯಾ, ಹೇಗೆ ಗೊತ್ತಾಗುತ್ತೆ?

ಹೊಂಗೆಮರ: ಅಮ್ಮನಿಗೆ ಬಲಕಿವಿಯ ಬಿಪಿಪಿವಿ, ಅಂದರೆ ಒಳಕಿವಿಯ ಸಣ್ಣ ಹರಳು ಜಾಗ ತಪ್ಪಿ ಸಮತೋಲದ ನಾಳಕ್ಕೆ ಸೇರಿ ಬರೋ ತಲೆಸುತ್ತು. ತಲೆಯನ್ನು ಒಂದೊಂದೇ ಭಂಗಿಗೆ ತಿರುಗಿಸಿ ಹರಳನ್ನು ವಾಪಸ್ ಕಳಿಸೋ ಎಪ್ಲಿ ಮಾಡಿಸಿ ನಾಲ್ಕು ದಿನ ಆಯ್ತು. ಕೋಣೆ ಗಿರಗಿರ ತಿರುಗೋದು ನಿಂತಿದೆ, ಆದರೆ ನಡೆಯುವಾಗ ತೇಲಿದ ಹಾಗಾಗುತ್ತೆ ಅಂತಾರೆ. ತಲೆಸುತ್ತಿಗೆ ಕೊಟ್ಟ ಸಿನ್ನರಿಜಿನ್ ಮಾತ್ರೆ ನಡೀತಿದೆ. ಹರಳು ಜಾಗಕ್ಕೆ ಹೋಗಿದೆಯಾ ಅಂತ ಮನೇಲೇ ನೋಡಬಹುದಾ?

ಹಳೇ ಫಿಸಿಯೋ: ತೇಲೋದು ಬೇರೆ, ತಿರುಗೋದು ಬೇರೆ. ಹರಳು ಸರಿಹೋದ ಮೇಲೂ ಓಲಾಟ ಕೆಲವು ದಿನ, ಕೆಲವರಿಗೆ ಎರಡು–ಮೂರು ವಾರ ಉಳಿಯುತ್ತೆ. ಅದಕ್ಕೇ ಎಪ್ಲಿ ಫೇಲಾಯ್ತು ಅನ್ನೋಕಾಗಲ್ಲ.

ಖಾತ್ರಿಯಾಗೋದು ಡಿಕ್ಸ್–ಹಾಲ್‌ಪೈಕ್ ಅನ್ನೋ ಪರೀಕ್ಷೆ ಮತ್ತೆ ಮಾಡಿದಾಗ. ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ, ಬೇಗ ಹಿಂದಕ್ಕೆ ಮಲಗಿಸಬೇಕು. ತಲೆ ಮಂಚದ ಅಂಚಿನಾಚೆ ಸುಮಾರು 20 ಡಿಗ್ರಿ ಕೆಳಗೆ ಬಾಗಿರಬೇಕು. ಹರಳು ಇನ್ನೂ ನಾಳದಲ್ಲಿದ್ದರೆ ಕೆಲವು ಸೆಕೆಂಡು ಬಿಟ್ಟು ಕಣ್ಣುಗುಡ್ಡೆ ಹಣೆಯ ಕಡೆಗೆ ಎಗರುತ್ತಾ, ಕೆಳಗಿರುವ ಕಿವಿಯತ್ತ ತಿರುಚುತ್ತೆ. ಒಂದು ನಿಮಿಷದೊಳಗೆ ನಿಲ್ಲುತ್ತೆ. ಅದಕ್ಕೇ ಕಣ್ಣು ಮುಚ್ಚೋಕೆ ಬಿಡಬಾರದು, ಮಲಗಿಸಿದ ತಕ್ಷಣ "ಏನೂ ಇಲ್ಲ" ಅಂತ ಎಬ್ಬಿಸಲೂಬಾರದು. ಅರ್ಧ ನಿಮಿಷವಾದರೂ ಕಾಯಬೇಕು. ಎಡಗಡೆಯೂ ನೋಡಬೇಕು.

ವಯಸ್ಸಾದವರಿಗೆ, ಕತ್ತು ನೋವಿದ್ದವರಿಗೆ ಮನೇಲಿ ಬೇಡ. ಡಾಕ್ಟರ ಹತ್ತಿರ ಒಂದು ವಾರದ ಹೊತ್ತಿಗೆ ಮಾಡಿಸಿ. ಎಪ್ಲಿ ಮುಗಿದ ಕೂಡಲೇ ಮಾಡಿದರೆ ಆಗಷ್ಟೇ ದಣಿದ ಕಣ್ಣಿನ ಪ್ರತಿಕ್ರಿಯೆ ಸುಮ್ಮನಿದ್ದು, ವಾಸಿಯಾಗಿದೆ ಅಂತ ಮೋಸ ಮಾಡಬಹುದು.

ಕಿವಿಮಾತು: ಮಾತ್ರೆಯ ವಿಷಯ ಮರೆತಿರಿ! ಸಿನ್ನರಿಜಿನ್ ಕಣ್ಣಿನ ಆ ಚಲನೆಯನ್ನೇ ಅಡಗಿಸಬಹುದು. ಪರೀಕ್ಷೆಗೆ ಸಾಮಾನ್ಯವಾಗಿ 48 ಗಂಟೆ ಮೊದಲು ನಿಲ್ಲಿಸಲು ಹೇಳ್ತಾರೆ, ನಿಮ್ಮ ಡಾಕ್ಟರನ್ನು ಕೇಳಿ. ಮಾತ್ರೆಯಿಂದ ಹರಳು ಸರಿಯೋದಿಲ್ಲ. ಅದರ ಮಂಪರೇ ಓಲಾಟಕ್ಕೆ ಕಾರಣವಾಗಿರಲೂಬಹುದು.

ಅಮ್ಮ ಎರಡು ದಿಂಬು ಹಾಕಿಕೊಂಡು ಎಡಮಗ್ಗುಲಲ್ಲೇ ಮಲಗ್ತಾರಾ ನೋಡಿ. ಬಲಕ್ಕೆ ಹೊರಳದೇ ಇದ್ದರೆ ತಲೆ ತಿರುಗೋದೇ ಇಲ್ಲ, ವಾಸಿ ಆಯ್ತು ಅನ್ನಿಸಿಬಿಡುತ್ತೆ. ತಲೆ ಅಲುಗಿಸಬಾರದು, ಕೂತೇ ಮಲಗಬೇಕು ಅನ್ನೋ ಹಳೇ ಪಥ್ಯದ ಅಗತ್ಯವಿಲ್ಲ.

ಸಮತೋಲ: ಎಪ್ಲಿ ಆದಮೇಲೆ ಎರಡೂ ಮಗ್ಗುಲಿಗೆ ಹೊರಳಿದರೂ ಜೋರಾಗಿ ತಿರುಗೋಕೆ ಶುರುವಾದರೆ ಹರಳು ಒಳಕಿವಿಯ ಇನ್ನೊಂದು ನಾಳವಾದ ಅಡ್ಡನಾಳಕ್ಕೆ ಜಾರಿರಬಹುದು. ಅಂಗಾತ ಮಲಗಿಸಿ ತಲೆಯನ್ನು ಎರಡೂ ಕಡೆ 90 ಡಿಗ್ರಿ ತಿರುಗಿಸಿ ನೋಡಿದರೆ ಸಿಕ್ಕಿಬೀಳುತ್ತೆ. ಅದಕ್ಕೆ ಮತ್ತೆ ಎಪ್ಲಿ ಮಾಡಿ ಪ್ರಯೋಜನವಿಲ್ಲ, ಮಲಗಿಸಿ ಹಂತಹಂತವಾಗಿ ಹೊರಳಿಸೋ ಬಾರ್ಬೆಕ್ಯೂ ರೋಲ್ ಬೇಕು.

ಎರಡೆರಡಾಗಿ ಕಾಣೋದು, ಮಾತು ತೊದಲೋದು, ಕೈಕಾಲು ಸೋಲೋದು, ಹಿಂದೆಂದೂ ಇಲ್ಲದ ತಲೆನೋವು ಇದ್ದರೆ ಇದ್ಯಾವ ಪರೀಕ್ಷೆಗೂ ಕಾಯದೆ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.