ಕಾರ್ಡ್ ಆಟಕ್ಕೆ ಮಳೆಗಳ ಹೆಸರು ಇಡಬಹುದಾ?

ಮಳೆಹನಿ: ನಾನೇ ಅಚ್ಚು ಹಾಕಿಸುತ್ತಿರುವ ಪುಟ್ಟ ಆಟ, 54 ಕಾರ್ಡ್. ಮೊದಲು ರಾಜ, ರಾಣಿ, ಸೈನಿಕ ಅಂತಿತ್ತು. ಯಾಕೋ ನಮ್ಮದು ಅನ್ನಿಸಲಿಲ್ಲ. ಬಿತ್ತನೆಯ ಆಟ ಅಲ್ವಾ, ಮಳೆ ನಕ್ಷತ್ರಗಳ ಹೆಸರಿಟ್ಟೆ: ರೋಹಿಣಿ, ಮೃಗಶಿರ, ಆರಿದ್ರಾ, ಮಘೆ, ಸ್ವಾತಿ. ಒಂದೊಂದು ಮಳೆಗೆ 13-14 ದಿನ, ಆಟದಲ್ಲಿ ಒಂದೊಂದು ಸುತ್ತು. ಅಜ್ಜಿ ಕಾರ್ಡನ್ನು ಕಣ್ಣ ಹತ್ತಿರ ಹಿಡಿದು, ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಅಂದರು. ಅಲ್ಲೇ ನಿಯಮ ಸಿಕ್ಕಿತು: ಮಘೆ ಕಾರ್ಡ್ ಎಷ್ಟು ಕೂಡಿಸಿದರೂ ಅಂಕ ಏರುತ್ತದೆ. ಆದರೆ ಪೇಟೆ ಮಕ್ಕಳಿಗೆ ಈ ಹೆಸರು ಹತ್ತುತ್ತವಾ?

ಗದ್ದೆಬದು: ಹತ್ತುತ್ತವೆ, ಬಿಡಬೇಡಿ. ‘ಮೃಗಶಿರ’ ಮಾತ್ರ ಆಟದ ಭರದಲ್ಲಿ ಕೂಗೋಕೆ ಕಷ್ಟ. ನಮ್ಮ ಕಡೆ ‘ಮಿರಗ’ ಅಂತೀವಿ, ಅದನ್ನೇ ಹಾಕಿ.

ಎಲೆಪೆಟ್ಟಿಗೆ: ದಶಾವತಾರ ಗಂಜೀಫಾ ನೋಡಿ, ಹಳೇ ಕಾಲದ ಇಸ್ಪೀಟಿನಂಥ ಆಟ. 120 ಎಲೆ, ಅವತಾರಕ್ಕೊಂದು ಗುರುತು. ಮತ್ಸ್ಯಕ್ಕೆ ಮೀನು, ಪರಶುರಾಮನಿಗೆ ಕೊಡಲಿ. ಓದದೇ ತಿಳಿಯುತ್ತದೆ. ನೀವೂ ಮಳೆಗೊಂದು ಗುರುತು ಕೊಡಿ.

ಮಳೆಹನಿ: ಮಿರಗ ಖಾಯಂ. ಸ್ವಾತಿಗೆ ಮುತ್ತು, ರೋಹಿಣಿಗೆ ಕೂರಿಗೆ. ಆರಿದ್ರಾಕ್ಕೆ ಕಂಬಳಿ ಕೊಪ್ಪೆ ಬರೆಯುತ್ತಿದ್ದೇನೆ.