ಮಳೆಗಾಲದಲ್ಲಿ ಕಾರವಾರದ ಚಿತ್ರಪ್ರದರ್ಶನ: ಜಲವರ್ಣ ಕೆಡದಂತೆ ತೂಗುಹಾಕುವುದು ಹೇಗೆ?

ಪ್ರಶ್ನೆ: ಆಗಸ್ಟ್‌ನಲ್ಲಿ ಊರಿನ ಹೊಸ ಕಲಾವಿದರ 30 ಚಿತ್ರಗಳನ್ನು ಸಮುದಾಯ ಸಭಾಂಗಣದಲ್ಲಿ ಹತ್ತು ದಿನ ಇಡಬೇಕಿದೆ. ಅರ್ಧದಷ್ಟು ಜಲವರ್ಣ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಬೂಸ್ಟಿನ ಭಯವೂ ಇದೆ.

ಉತ್ತರ 1: ಮೊದಲು ಚೌಕಟ್ಟು ನೋಡಿ. ಕಾಗದ ಗಾಜಿಗೆ ತಾಗಲೇಬಾರದು. ತಾಗಿದರೆ ಒಳಗೆ ಕಟ್ಟುವ ತೇವಕ್ಕೆ ಬಣ್ಣ ಗಾಜಿಗೇ ಅಂಟಿಕೊಳ್ಳುತ್ತದೆ, ಬಿಡಿಸಹೋದರೆ ಚಿತ್ರವೇ ಕಿತ್ತುಬರುತ್ತದೆ. ನಡುವೆ 2 ಮಿ.ಮೀ. ದಪ್ಪದ ಮೌಂಟ್ ಬೋರ್ಡ್ (ಚಿತ್ರ ಕಾಣುವಷ್ಟು ನಡುಭಾಗ ಕತ್ತರಿಸಿದ ದಪ್ಪ ರಟ್ಟು) ಇರಲಿ. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕ್ ಬಿಲ್ಲೆ ಅಂಟಿಸಿ, ಚೌಕಟ್ಟಿಗೂ ಗೋಡೆಗೂ ನಡುವೆ ಗಾಳಿಯಾಡುತ್ತದೆ. ಮಳೆ ಬಡಿಯುವ ಹೊರಗೋಡೆಗೆ ಜಲವರ್ಣ ಬೇಡವೇ ಬೇಡ, ಅಲ್ಲಿಗೆ ಅಕ್ರಿಲಿಕ್ ಸಾಕು.

ಉತ್ತರ 2: ಮೊಳೆಯ ಬದಲು ಸ್ಟ್ಯಾಂಡ್ ಮೇಲೆ ಅಡ್ಡ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಕೂರಿಸಿ, ಸ್ಟೀಲ್ ತಂತಿ ಇಳಿಬಿಡಿ. ನೈಲಾನ್ ದಾರ ಭಾರಕ್ಕೆ ಜಗ್ಗಿ ಎರಡನೇ ದಿನಕ್ಕೇ ಸಾಲು ಸೊಟ್ಟಗಾಗುತ್ತದೆ. ಒಂದು ಚೌಕಟ್ಟಿಗೆ ಎರಡು ತಂತಿ; ಒಂದೇ ಇದ್ದರೆ ಫ್ಯಾನ್ ಗಾಳಿಗೆ ತಿರುಗುತ್ತದೆ. ಚಿತ್ರದ ನಡುಭಾಗ ನೆಲದಿಂದ 145-150 ಸೆಂ.ಮೀ. ಎತ್ತರಕ್ಕೆ ಬರಲಿ.

ಉತ್ತರ 3: ಕಾವಿ ಕಲೆಯ (ಕೆಮ್ಮಣ್ಣಿನ ಪದರ ಕೆರೆದು ಬಿಡಿಸುವ ಚಿತ್ರ) ಸುಣ್ಣದ ಗಾರೆ ಫಲಕಗಳಿದ್ದರೆ ತೂಗುಹಾಕಬೇಡಿ, ಅಂಚು ಉದುರುತ್ತದೆ. ಮೇಜಿನ ಮೇಲೆ ಒರಗಿಸಿಡಿ. ಒಂದು ತೇವಮಾಪಕ ಇಟ್ಟುಕೊಳ್ಳಿ. ಗಾಳಿಯ ತೇವ 65 ಪ್ರತಿಶತ ದಾಟಿ ನಿಂತರೆ ಬೂಸ್ಟು ಹಿಡಿಯುವುದು ಖಚಿತ ಅಂದುಕೊಂಡೇ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಬಾಡಿಗೆಗೆ ತನ್ನಿ, ಕಡಲ ಕಡೆಯ ಕಿಟಕಿ ಮುಚ್ಚಿ.