ಅಪ್‌ಡೇಟ್: ಆಪ್ತಸಮಾಲೋಚನೆಯ ಖರ್ಚು ಕೊನೆಗೂ ಲೆಕ್ಕಕ್ಕೆ ಸಿಕ್ಕಿತು

ಕಲಬುರಗಿಯಲ್ಲಿ ಒಂದು ಭೇಟಿಗೆ 900 ರೂಪಾಯಿ, ಅದೂ ವಾರಕ್ಕೊಮ್ಮೆ ಎಂದರೆ ಹೇಗೆ ಹೊಂದಿಸಲಿ ಎಂದು ಎರಡು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. ನೀವು ಹೇಳಿದಂತೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದೆ. ಉಚಿತ, ಕನ್ನಡದಲ್ಲೇ ಮಾತು. ಮನೆಯಲ್ಲಿ ಗೋಡೆಗೂ ಕಿವಿ. ಅದಕ್ಕೇ ನಮ್ಮೂರಿನ ‘ಅಪ್ಪನ ಕೆರೆ’ಯ ದಂಡೆಯಲ್ಲಿ ಕುಳಿತು ಮಾತನಾಡಿದೆ. ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಕ್ಕವು, ಸಾಲು ಮಾತ್ರ ಹನುಮಂತನ ಬಾಲ.

ಆಪ್ತಸಮಾಲೋಚಕರಿಗೆ ನನ್ನ ಸಂಬಳವನ್ನು ನೇರವಾಗಿ ಹೇಳಿಬಿಟ್ಟೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅವರು ಶಾಂತವಾಗಿ, ‘ಹದಿನೈದು ದಿನಕ್ಕೊಮ್ಮೆ ಬನ್ನಿ, ಸಾಕು’ ಎಂದರು! ಈಗ ತಿಂಗಳಿಗೆ 1,800, ಆಟೋ ಬಾಡಿಗೆ ಬೇರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮಾನಸಿಕ ಕಾಯಿಲೆಗೂ ವಿಮೆ ಇರಬೇಕು. ಆದರೆ ನನ್ನ ಪಾಲಿಸಿ ಆಸ್ಪತ್ರೆಗೆ ದಾಖಲಾದರಷ್ಟೇ ಕೊಡುತ್ತದೆ. ಹಾಗಾಗಿ ಸಂಬಳದ ದಿನವೇ ಅವ್ವ ಭೇಟಿಯ ದುಡ್ಡನ್ನು ತೊಗರಿಬೇಳೆಯ ಡಬ್ಬಿಯಲ್ಲಿ ಎತ್ತಿಡುತ್ತಾಳೆ.